ಪ್ರಯೋಜನವಿಲ್ಲದ್ದು ಯಾವದು?



ಮನುಷ್ಯನ ಉಪಯೋಗಕ್ಕೆ ಬಾರದ ವಸ್ತುವಿಗೆ ಬೆಲೆ ಉಂಟೋ? ಈ ಪ್ರಶ್ನೆಯು ಕಳೆದ ಮಾರ್ಚಿ ತಿಂಗಳಲ್ಲಿ ಕಡಲ ತೀರದಲ್ಲಿ ನನ್ನ ಮುಂದೆ ಬಂತು. ಅದನ್ನು ಕೇಳಿದವಳು ನಮ್ಮ ಸಭೆಯ ಒಬ್ಬ ವೃದ್ಧ ವಿಧವೆ.

ವಸಂತಕಾಲದ ಹೂವು, ಹಕ್ಕಿ, ಪಾತರಗಿತ್ತಿಗಳನ್ನು ತೋರಿಸುವದಕ್ಕಾಗಿ ನಾನು ಆದಿತ್ಯವಾರದ ಶಾಲೆಯ ಮಕ್ಕಳನ್ನು ಕುಂದಾಪುರದ ಬಳಿಯ ಕೋಡಿಗೆ ಕರೆದುಕೊಂಡು ಹೋದೆನು. ಅಲ್ಲಿ ಐದು ಹೊಳೆಗಳ ನೀರು ಪಂಚಗಂಗಾವಳಿ ಎಂಬ ಹೆಸರಿನಿಂದ ಕಡಲನ್ನು ಕೂಡುತ್ತದೆ. ಬಹು ದಿವಸಗಳಿಂದ ಆರಾಧನೆಗೆ ಬಾರದಿದ್ದ ಆ ತಾಯಿಯು ಮೊಮ್ಮಗಳ ಕೈ ಹಿಡಿದು ನಮ್ಮ ಸಂಗಡ ಬಂದಳು.

ಮಳಲಿನ ದಿಬ್ಬದ ಮೇಲೆ ಅಡುಂಬು ಬಳ್ಳಿಯು ನೇರಳೆ ಬಣ್ಣದ ಹೂಗಳಿಂದ ತುಂಬಿತ್ತು. ಅದರ ಎಲೆಯು ಆಡಿನ ಗೊರಸಿನಂತೆ ತುದಿಯಲ್ಲಿ ಸೀಳಿರುತ್ತದೆ. ಎಕ್ಕದ ಗಿಡದಲ್ಲಿ ಪಟ್ಟೆಪಟ್ಟೆಯ ಹುಳಗಳಿದ್ದವು. ಒಬ್ಬ ಹುಡುಗನು ಅವುಗಳನ್ನು ಕೆಡವಿ ತುಳಿಯಬೇಕೆಂದಿದ್ದನು. ಈ ಹುಳವು ವಿಷದ ಹಾಲುಳ್ಳ ಎಕ್ಕದ ಎಲೆಯನ್ನೇ ತಿಂದು ಬೆಳೆದು ಕಿತ್ತಳೆ ಬಣ್ಣದ ಪಾತರಗಿತ್ತಿಯಾಗುತ್ತದೆ, ಆ ಕಹಿಯ ದೆಸೆಯಿಂದ ಹೆಚ್ಚಿನ ಹಕ್ಕಿಗಳು ಅದನ್ನು ತಿನ್ನುವದಿಲ್ಲ ಎಂದು ತಿಳಿಸಲು ಅವನು ಕೈ ಹಿಂತೆಗೆದನು. ಅಳಿವೆಯ ಬಳಿ ಕಂದು ತಲೆಯ ಕಡಲಕ್ಕಿಗಳು ಕೂತಿದ್ದವು. ಅವು ಹಿಮಾಲಯದಾಚೆಯ ಸರೋವರಗಳಿಗೆ ಮರಿಮಾಡಲು ಹೋಗುತ್ತವೆ.

ಆಗ ಆ ತಾಯಿಯು ಒಂದು ಹೂವನ್ನು ಮುಟ್ಟಿ, "ಉಪದೇಶಿಗಳೇ, ಇದನ್ನು ಯಾರೂ ಮುಡಿಯುವದಿಲ್ಲ, ಯಾರೂ ಕೊಳ್ಳುವದಿಲ್ಲ, ಸಂಜೆಯೊಳಗೆ ಬಾಡುತ್ತದೆ. ದೇವರು ಇದನ್ನು ಯಾಕೆ ಮಾಡಿದನು?" ಎಂದು ಕೇಳಿದಳು.

"ಅಮ್ಮಾ, ಈ ಬಳ್ಳಿಯು ಮಳಲು ಗಾಳಿಗೆ ಹಾರದಂತೆ ಹಿಡಿಯುತ್ತದೆ" ಎಂದೆನು.

"ಹಾಗಾದರೆ ಅದು ಕೆಲಸ ಮಾಡುತ್ತದೆ. ಏನೂ ಮಾಡಲಾರದ ನನ್ನಂಥವಳ ಗತಿ ಏನು?" ಎಂದಳು. ಕಾಣಿಕೆಗೆ ಹಿಡಿ ಅಕ್ಕಿಯೂ ಇಲ್ಲದ್ದರಿಂದ ನಾಚಿ ಆರಾಧನೆಯನ್ನು ಬಿಟ್ಟಿದ್ದಳೆಂದು ಆಗ ತಿಳಿಯಿತು. ಕೊಡದ ಕೈ ಒಣಗಿದ ಕೊಂಬೆ ಎಂದು ಬೆಳೆಹಬ್ಬದಲ್ಲಿ ಪ್ರಸಂಗಿಸಿದವನು ನಾನೇ.

ನನ್ನ ಉತ್ತರವು ಸುಳ್ಳಲ್ಲ, ಆದರೆ ಸಾಲದು. ದೇವರು ಮೂರನೇ ದಿನದಲ್ಲಿ ಗಿಡಗಳನ್ನೂ ಐದನೇ ದಿನದಲ್ಲಿ ಪಕ್ಷಿಗಳನ್ನೂ ಉಂಟುಮಾಡಿ ಒಳ್ಳೇದೆಂದು ಕಂಡನು. ಮನುಷ್ಯನು ಆಗ ಇನ್ನೂ ಇರಲಿಲ್ಲ. ಹಾಗಾದರೆ ಆ ಒಳ್ಳೇತನವು ನಮ್ಮ ಉಪಯೋಗದಿಂದ ಹುಟ್ಟಿದ್ದಲ್ಲ, ಸೃಷ್ಟಿಕರ್ತನ ಮೆಚ್ಚಿಕೆಯಿಂದ ಹುಟ್ಟಿದ್ದು. ನಮ್ಮ ಕರ್ತನೂ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿದಾಗ ಅವುಗಳ ದುಡಿಮೆಯನ್ನು ಹೊಗಳಲಿಲ್ಲ, ತಂದೆಯ ಪರಾಮರಿಕೆಯನ್ನು ತೋರಿಸಿದನು.

ಹಾಗಾದರೆ ಸೋಮಾರಿಗಳಾಗಿರಬಹುದೋ ಎಂದು ಕೆಲವರು ಕೇಳಾರು. ಹಾಗಲ್ಲ. ಶಕ್ತಿಯುಳ್ಳವನು ದುಡಿಯಲಿ, ಇದ್ದವನು ಕೊಡಲಿ. ಆದರೆ ದುಡಿಮೆಯೂ ಕಾಣಿಕೆಯೂ ಉಪಕಾರಸ್ಮರಣೆಯ ಫಲಗಳೇ ಹೊರತು ದೇವರ ಮನೆಯಲ್ಲಿ ಸ್ಥಳವನ್ನು ಕೊಂಡುಕೊಳ್ಳುವ ಹಣವಲ್ಲ.

ಮುಂದಿನ ಆದಿತ್ಯವಾರ ಸಭಾಹಿರಿಯರೊಂದಿಗೆ ಅವಳ ಮನೆಗೆ ಹೋಗಿ, ನನ್ನ ಮಾತಿಗಾಗಿ ಕ್ಷಮೆ ಬೇಡಿ ಕರೆತಂದೆನು. ಅವಳು ಬರಿಗೈಯಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಳು.

ಪ್ರಿಯರೇ, ನಿಮ್ಮ ಸಭೆಯಲ್ಲಿ ಬರಿಗೈಯ ನಾಚಿಕೆಯಿಂದ ಮನೆಯಲ್ಲೇ ಉಳಿದವರು ಯಾರು? ಈ ವಾರವೇ ಹೋಗಿ ಕರೆಯಿರಿ.