ಕಂಪ್ಯೂಟರ್ ಸರಿ ಅಂದಿತ್ತು ಅನ್ನುವ ಸಮಾಧಾನ

ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಬಾವಿಯ ಕೆಸರು ತೆಗೆಯಲು ಇಳಿಯುವವರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಕೆಳಗೆ ಬಿಡುವ ಪದ್ಧತಿಯೊಂದಿದೆ. ದೀಪ ಆರಿದರೆ ಆ ದಿನ ಯಾರೂ ಇಳಿಯುವುದಿಲ್ಲ. ಆಮ್ಲಜನಕ ಕಡಿಮೆಯಾದದ್ದು ಮೂಗಿಗೆ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಕೈಕಾಲು ಸೋತಿರುತ್ತದೆ. ಮೈಗೆ ತಿಳಿಯದ ಅಪಾಯವನ್ನು ತಿಳಿಯಲು ಮನುಷ್ಯ ತನ್ನ ಬದಲು ಇನ್ನೊಂದನ್ನು ಕಳಿಸುತ್ತಾನೆ. ಆದರೆ ದೀಪಕ್ಕೂ ಮಿತಿಯಿದೆ. ಕೊಳೆತ ಕೆಸರಿನಿಂದ ಏಳುವ ವಿಷದ ಗಾಳಿ ಸ್ವಲ್ಪವೇ ಇದ್ದಾಗ ಅದು ಉರಿಯುತ್ತಲೇ ಇರಬಹುದು, ಮನುಷ್ಯ ಮಾತ್ರ ಬೀಳಬಹುದು. ದೀಪ ಉರಿಯುತ್ತಿತ್ತು ಎಂಬುದು ಇಳಿಯಲು ಒಂದು ಕಾರಣ. ಇಳಿದವನಿಗೆ ಏನಾದರೂ ಆದರೆ ಅದು ಉತ್ತರವಾಗುತ್ತದೆಯೇ?

ಈ ಪ್ರಶ್ನೆಯನ್ನು ಇವತ್ತು ಹೊಸದಾಗಿ ಕೇಳುವಂತೆ ಮಾಡುವ ಒಂದು ಉಪಕರಣವಿದೆ: ಸ್ಕೂಬಾ ಡೈವ್ ಕಂಪ್ಯೂಟರ್. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಮುಗಿದ ಮೇಲೆ ದೋಣಿಗಳು ಹೊರಡುತ್ತವೆ. ಅಲ್ಲಿ ಮುಳುಗುವವರ ಮಣಿಕಟ್ಟಿನಲ್ಲಿ ಕೈಗಡಿಯಾರದಂಥ ಈ ಯಂತ್ರ ಕಾಣುತ್ತದೆ. ಎಷ್ಟು ಆಳದಲ್ಲಿದ್ದೇವೆ, ಎಷ್ಟು ಹೊತ್ತಾಯಿತು, ಇನ್ನೆಷ್ಟು ನಿಮಿಷ ಇರಬಹುದು, ಮೇಲೆ ಬರುವ ವೇಗ ಹೆಚ್ಚಾಯಿತೇ ಎಂದೆಲ್ಲ ಅದು ತೋರಿಸುತ್ತದೆ.

ಅದು ಲೆಕ್ಕ ಹಾಕುವುದು ಸಾರಜನಕವನ್ನು. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದೊಂದು ವಾಯುಮಂಡಲದಷ್ಟು ಏರುತ್ತದೆ. 20 ಮೀಟರಿನಲ್ಲಿ ಅದು ದಡದಲ್ಲಿರುವುದರ ಮೂರು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೆ, ಮಾಂಸಕ್ಕೆ, ಕೊಬ್ಬಿಗೆ ಕರಗುತ್ತಾ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕವೇ ಹೊರಗೆ ಹೋಗುತ್ತದೆ. ಅವಸರದಲ್ಲಿ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಗಂಟು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನೂ ಆಗಬಹುದು. ಇದಕ್ಕೆ ಮುಳುಗುವವರ ಭಾಷೆಯಲ್ಲಿ ಬೆಂಡ್ಸ್ ಎಂದು ಹೆಸರು. ಸಾರಜನಕ ಒಳಗೆ ಸೇರುವಾಗ ಮೈಗೆ ಏನೂ ಅನ್ನಿಸುವುದಿಲ್ಲ. ಚಳಿ ತಿಳಿಯುತ್ತದೆ, ಕಿವಿ ಒತ್ತುವುದು ತಿಳಿಯುತ್ತದೆ, ಈ ಸಾಲ ಮಾತ್ರ ತಿಳಿಯುವುದಿಲ್ಲ.

ಮೊದಲಿಗೆ ಈ ಲೆಕ್ಕ ಕಾಗದದ ಮೇಲಿತ್ತು. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನಡೆಸಿದ ಪ್ರಯೋಗಗಳಿಂದ ಪಟ್ಟಿಗಳನ್ನು ಪ್ರಕಟಿಸಿದರು. ದೇಹವನ್ನು ಬೇರೆಬೇರೆ ವೇಗದಲ್ಲಿ ಸಾರಜನಕ ಹೀರುವ ಐದು ಪಾಲುಗಳೆಂದು ಅವರು ಎಣಿಸಿದರು. ಮುಂದೆ ಜೂರಿಕ್‌ನ ಆಲ್ಬರ್ಟ್ ಬ್ಯೂಲ್ಮನ್ ಅದನ್ನು 16 ಪಾಲುಗಳಿಗೆ ಬೆಳೆಸಿದರು. 1983ರಲ್ಲಿ ಎಡ್ಜ್ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಬಂದ ಮೇಲೆ ಪಟ್ಟಿ ನೋಡುವ ಕೆಲಸ ಮೆಲ್ಲಗೆ ಯಂತ್ರಕ್ಕೆ ಹೋಯಿತು. ಆದರೆ ಈ ಐದು ಪಾಲುಗಳಾಗಲಿ ಹದಿನಾರು ಪಾಲುಗಳಾಗಲಿ ಯಾರ ಮೈಯಲ್ಲೂ ಇಲ್ಲ. ಇದು ಮೂತ್ರಪಿಂಡ, ಇದು ಮೊಣಕಾಲು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಅವು ಲೆಕ್ಕಕ್ಕಾಗಿ ಮಾಡಿಕೊಂಡ ಒಂದು ದೇಹ. ನಾನು ಮುಳುಗುವಾಗ ಕಂಪ್ಯೂಟರ್ ನೋಡಿಕೊಳ್ಳುವುದು ಆ ದೇಹವನ್ನು. ನಾನು ರಾತ್ರಿ ನಿದ್ದೆಗೆಟ್ಟಿದ್ದೇನೋ, ನೀರು ಕುಡಿದಿಲ್ಲವೋ, ಹಿಂದೆ ಕಾಲು ಮುರಿದುಕೊಂಡಿದ್ದೆನೋ ಅದಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವರಿಗೂ ಒಮ್ಮೊಮ್ಮೆ ಬೆಂಡ್ಸ್ ಆಗುತ್ತದೆ. ಹಾಗಾಗಿ ಪರದೆಯ ಮೇಲಿನ 'ಇನ್ನು 12 ನಿಮಿಷ' ಎನ್ನುವುದು ನನ್ನ ಬಗ್ಗೆ ಹೇಳಿದ ಮಾತಲ್ಲ. ನನ್ನಂಥ ಬಹಳ ಜನರ ಬಗ್ಗೆ ಹೇಳಬಹುದಾದ ಮಾತು.

ಯಂತ್ರವೇ ತಪ್ಪಿದ್ದೂ ಇದೆ. ಉವಾಟೆಕ್ ಕಂಪನಿ 1995ರಲ್ಲಿ ತಯಾರಿಸಿದ ಅಲಾಡಿನ್ ಏರ್ ಎಕ್ಸ್ ನೈಟ್ರಾಕ್ಸ್ ಎಂಬ ಮಾದರಿಯನ್ನು 2003ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ನೈಟ್ರಾಕ್ಸ್ ಎಂದರೆ ಆಮ್ಲಜನಕ ಹೆಚ್ಚಿಸಿ ಸಾರಜನಕ ತಗ್ಗಿಸಿದ ಗಾಳಿ. ಎರಡು ಮುಳುಗುಗಳ ನಡುವೆ ದೋಣಿಯಲ್ಲಿ ಕೂತವನು ಎಲ್ಲರಂತೆ ಸಾಮಾನ್ಯ ಗಾಳಿಯನ್ನೇ ಉಸಿರಾಡುತ್ತಾನೆ. ಆದರೆ ಅವನು ಇನ್ನೂ ನೈಟ್ರಾಕ್ಸನ್ನೇ ಉಸಿರಾಡುತ್ತಿದ್ದಾನೆ ಎಂದು ಆ ಕಂಪ್ಯೂಟರಿನ ತಂತ್ರಾಂಶ ಎಣಿಸುತ್ತಿತ್ತು. ಮೈಯಲ್ಲಿ ಉಳಿದ ಸಾರಜನಕ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತಿತ್ತು, ಎರಡನೆಯ ಮುಳುಗಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಸಮಯ ಸಿಗುತ್ತಿತ್ತು. ನೀರಿನಡಿಯ ಲೆಕ್ಕ ಮುಗಿಸಿ ಮನುಷ್ಯ ಬಿಸಿಲಿಗೆ ಮೈಯೊಡ್ಡಿ ಕೂತ ಹೊತ್ತಿನಲ್ಲಿ ತಪ್ಪು ಸೇರಿಕೊಂಡಿತ್ತು. ಇಂಥ ತಪ್ಪಿಗೆ ಮುಳುಗಿದವನನ್ನು ಯಾರೂ ದೂರಲಾರರು, ದೂರಲೂಬಾರದು. ಆ ಹೊಣೆ ತಯಾರಿಸಿದವರದೇ. ಆದರೆ ಹೊಣೆ ಯಾರದೆಂದು ಗೊತ್ತಾದ ಮಾತ್ರಕ್ಕೆ ನೋವು ಆ ವಿಳಾಸಕ್ಕೆ ಹೋಗುವುದಿಲ್ಲ. ಅದು ಮುಳುಗಿದವನ ಮೈಯಲ್ಲೇ ಇರುತ್ತದೆ. ಯಂತ್ರವನ್ನು ನಂಬುವವರು ಈ ಅಂತರವನ್ನು ನೆನಪಿಟ್ಟುಕೊಳ್ಳಬೇಕು.

ನೇತ್ರಾಣಿಗೆ ಹೋದ ಒಂದು ದಿನ ನಾನು ಬಾಡಿಗೆಗೆ ಪಡೆದ ಕಂಪ್ಯೂಟರ್ ನೀರಿಗೆ ಇಳಿಯುವ ಮೊದಲೇ ನನ್ನ ಜೊತೆಗಾರನದ್ದಕ್ಕಿಂತ ಕಡಿಮೆ ಸಮಯ ತೋರಿಸುತ್ತಿತ್ತು. ಬ್ಯಾಟರಿ ಇಳಿದಿರಬಹುದೇ, ಸಿಹಿನೀರು ಉಪ್ಪುನೀರಿನ ಆಯ್ಕೆ ಬದಲಾಗಿದೆಯೇ ಎಂದು ಗುಂಡಿ ಒತ್ತಿ ನೋಡಿದೆವು. ಎಲ್ಲ ಸರಿಯಿತ್ತು. ಕೊನೆಗೆ ದೋಣಿಯಲ್ಲಿದ್ದ ಮಾರ್ಗದರ್ಶಕರು ಹೇಳಿದರು: "ಅದು ಬೆಳಿಗ್ಗೆ ಬೇರೆಯವರ ಕೈಯಲ್ಲಿತ್ತು. ಅವರ ಲೆಕ್ಕ ಅದು, ನಿಮ್ಮದಲ್ಲ." ಯಾರೋ ಅಪರಿಚಿತರ ಸಾರಜನಕವನ್ನು ಯಂತ್ರ ನನ್ನ ಹೆಸರಿನಲ್ಲಿ ಬರೆದುಕೊಂಡಿತ್ತು. ನನಗೆ ಅದರಿಂದ ಹತ್ತು ನಿಮಿಷ ಕಡಿಮೆಯಾಯಿತು, ಅಷ್ಟೇ. ಬೆಳಿಗ್ಗೆ ಮುಳುಗಿದ ಅವರು ಮಧ್ಯಾಹ್ನ ಇನ್ನೊಂದು ಹೊಸ ಕಂಪ್ಯೂಟರ್ ಕಟ್ಟಿಕೊಂಡು ಇಳಿದಿದ್ದರೆ ಏನಾಗುತ್ತಿತ್ತು? ಅವರು ಇವತ್ತು ನೀರನ್ನೇ ಮುಟ್ಟಿಲ್ಲ ಎಂದು ಆ ಕಂಪ್ಯೂಟರ್ ನಂಬುತ್ತಿತ್ತು. ಒಬ್ಬರಿಗೆ ಒಂದೇ ಕಂಪ್ಯೂಟರ್, ದಿನದ ನಡುವೆ ಬದಲಾಯಿಸಬಾರದು ಎಂಬ ನಿಯಮ ಇರುವುದು ಇದಕ್ಕೇ.

ಈ ನಿಯಮ ಮುರಿಯುವ ಆಸೆ ಹುಟ್ಟುವುದು ಇನ್ನೊಂದು ಸಂದರ್ಭದಲ್ಲಿ. ಮೇಲೆ ಬರುವಾಗ ನಿಲ್ಲಲೇಬೇಕಾದ ಕಡೆ ನಿಲ್ಲದೆ ಬಂದರೆ ಹಲವು ಕಂಪ್ಯೂಟರುಗಳು ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತವೆ. 24 ಅಥವಾ 48 ಗಂಟೆ ಕಾಲ ಆಳ ಮತ್ತು ಸಮಯ ಮಾತ್ರ ತೋರಿಸುತ್ತವೆ, ಇನ್ನೆಷ್ಟು ಹೊತ್ತು ಇರಬಹುದು ಎಂದು ಹೇಳುವುದಿಲ್ಲ. ಹೊಸಬರಿಗೆ ಇದು ಶಿಕ್ಷೆಯಂತೆ, ಕೆಟ್ಟುಹೋದಂತೆ ಕಾಣುತ್ತದೆ. ಎರಡೂ ಅಲ್ಲ. ಕಂಪ್ಯೂಟರಿನ ಲೆಕ್ಕಕ್ಕೆ ಒಂದು ಗಡಿಯಿದೆ, ಅದರಾಚೆ ಏನಾಗುತ್ತದೆಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದಾಗ ಒಂದು ಸಂಖ್ಯೆ ಕೊಡುವ ಬದಲು ಅದು ಸುಮ್ಮನಾಗುತ್ತದೆ. ಆಗ ಗೆಳೆಯನ ಕೈಯಿಂದ ಇನ್ನೊಂದು ಕಂಪ್ಯೂಟರ್ ಕೇಳಿ ಪಡೆಯುವುದು ಸುಲಭ. ಅದು ಹಸಿರು ತೋರಿಸುತ್ತದೆ, ಏಕೆಂದರೆ ಅದಕ್ಕೆ ನನ್ನ ಬೆಳಗು ಗೊತ್ತಿಲ್ಲ. ಮೈಗೆ ಗೊತ್ತಿದೆ. ನಮಗೆ ಬೇಕಾದ ಉತ್ತರ ಕೊಡುವವರನ್ನು ಹುಡುಕಿಕೊಂಡು ಹೋಗುವ ಈ ಅಭ್ಯಾಸ ನೀರಿನೊಳಗೆ ಮಾತ್ರ ಇರುವುದಲ್ಲ. ಒಬ್ಬ ವೈದ್ಯರು ಬೇಡ ಎಂದದ್ದನ್ನು ಹೇಳದೆ ಇನ್ನೊಬ್ಬರನ್ನು ಕೇಳುವವರು ಮಾಡುವುದೂ ಇದನ್ನೇ. ಕೇಳಿದ ಪ್ರಶ್ನೆಗೆ ಸಿಕ್ಕಿದ ಉತ್ತರ ಸರಿಯೇ ಇರುತ್ತದೆ. ಕೇಳುವಾಗ ಅರ್ಧವನ್ನು ಮುಚ್ಚಿಟ್ಟಿರುತ್ತೇವೆ.

ಇಲ್ಲಿಗೆ ಒಂದು ಆಕ್ಷೇಪ ಬರಬಹುದು. ಯಂತ್ರ ನೋಡಿ ನೋಡಿ ಮೈಯ ಅರಿವೇ ಮೊಂಡಾಗುವುದಿಲ್ಲವೇ? ಕೆಮ್ಮಣ್ಣಿನ ಪಕ್ಕದ ಸ್ವರ್ಣಾ ನದಿಯಲ್ಲಿ ಇಳಿತದ ಹೊತ್ತು ನೋಡಿ ಮರುವಾಯಿ ಹೆಕ್ಕುವವರು ಯಾವ ಪರದೆಯನ್ನೂ ನೋಡುವುದಿಲ್ಲ. ಕಾಲಿಗೆ ತಾಗುವ ಸೆಳೆತದಿಂದಲೇ ಅಳಿವೆಯ ಕಡೆ ನೀರು ತಿರುಗಿದ್ದು ಅವರಿಗೆ ತಿಳಿಯುತ್ತದೆ. ಆ ಅರಿವಿಗೆ ಬೆಲೆಯಿದೆ. ಆದರೆ ಅವರು ಉಸಿರು ಹಿಡಿದು ಕಡಿಮೆ ಆಳಕ್ಕೆ ಹೋಗಿ ಬರುವವರು. ಸಾರಜನಕದ ಸಾಲ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ 20 ಮೀಟರಿನಲ್ಲಿ ಅರ್ಧ ಗಂಟೆ ಇರುವವರಿಗೆ ಮೈ ಸಾಕ್ಷಿ ಹೇಳದ ಜಾಗವೊಂದಿದೆ, ಅಲ್ಲಿ ಯಂತ್ರ ಬೇಕೇ ಬೇಕು. ತೊಂದರೆ ಶುರುವಾಗುವುದು ಮೈ ಹೇಳುತ್ತಿರುವ ಕಡೆಗೂ ನಾವು ಯಂತ್ರವನ್ನೇ ಕೇಳಿದಾಗ. ಚಳಿ ಹತ್ತಿದೆ, ಸುಸ್ತಾಗಿದೆ, ಯಾಕೋ ಹೆದರಿಕೆಯಾಗುತ್ತಿದೆ. ಪರದೆಯಲ್ಲಿ ಮಾತ್ರ ಇನ್ನೂ 15 ನಿಮಿಷ ಇದೆ. ಸಮಯ ಇದೆಯಲ್ಲ ಎಂದು ಅಲ್ಲೇ ಉಳಿದರೆ, ಕಂಪ್ಯೂಟರ್ ಕೊಡದ ಅನುಮತಿಯನ್ನು ಅದರ ಹೆಸರಿನಲ್ಲಿ ನಾವೇ ಕೊಟ್ಟುಕೊಂಡಂತೆ. ಅದು ಹೇಳಿದ್ದು ಸಾರಜನಕದ ಬಗ್ಗೆ ಮಾತ್ರ.

ಅದಕ್ಕೆ ತಿಳಿಯದ ಇನ್ನೊಂದು ಸಂಗತಿ ನಮ್ಮ ನಾಳೆ. ಭಾನುವಾರ ಮಧ್ಯಾಹ್ನ ಮುಳುಗಿ ಅದೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಮರಳುವವರು ಘಟ್ಟ ಹತ್ತಲೇಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಮೈಯಲ್ಲಿ ಉಳಿದ ಸಾರಜನಕಕ್ಕೆ ಅದು ಇನ್ನೂ ಸ್ವಲ್ಪ ಮೇಲಕ್ಕೆ ಬಂದಂತೆ. ವಿಮಾನ ಹತ್ತುವ ಮೊದಲು ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕು ಎಂಬ ಸಲಹೆ ಇರುವುದು ಇದೇ ಕಾರಣಕ್ಕೆ. ಎಷ್ಟು ಹೊತ್ತು ಹಾರಬಾರದು ಎಂದು ಕಂಪ್ಯೂಟರ್ ತೋರಿಸಬಲ್ಲದು. ಟಿಕೆಟ್ ಯಾವಾಗ ತೆಗೆದಿದ್ದೇವೆ ಎಂಬುದು ನಮಗೆ ಮಾತ್ರ ಗೊತ್ತು.

ಹಾಗಾದರೆ ಜವಾಬ್ದಾರಿ ಎಲ್ಲಿ ಉಳಿಯಿತು? ಲೆಕ್ಕ ಮಾಡುವ ಕೆಲಸವನ್ನು ನಾವು ಕೊಟ್ಟುಬಿಟ್ಟಿದ್ದೇವೆ, ಅದರಲ್ಲಿ ತಪ್ಪೇನಿಲ್ಲ. ಲೆಕ್ಕಕ್ಕೆ ನಿಜ ಒದಗಿಸುವ ಕೆಲಸ, ಲೆಕ್ಕ ಎಲ್ಲಿ ಮುಗಿಯಿತೆಂದು ಗುರುತಿಸುವ ಕೆಲಸ ನಮ್ಮಲ್ಲೇ ಇದೆ. ಮುಳುಗುವವರಿಗೆ ಕಲಿಸುವ ಎರಡು ನಿಯಮಗಳಲ್ಲಿ ಈ ಎರಡನೆಯ ಕೆಲಸ ಚೆನ್ನಾಗಿ ಕಾಣುತ್ತದೆ. ಮೊದಲನೆಯದು: ನೀರಿನೊಳಗೆ ಕಂಪ್ಯೂಟರ್ ಕೆಟ್ಟರೆ ಅಂದಾಜಿನ ಮೇಲೆ ಮುಂದುವರಿಯಬೇಡಿ, ನಿಧಾನವಾಗಿ ಮೇಲೆ ಬನ್ನಿ, ಮತ್ತೆ 24 ಗಂಟೆ ಇಳಿಯಬೇಡಿ. ಗೊತ್ತಿಲ್ಲ ಎಂಬುದನ್ನು ಇಲ್ಲಿ ಅಪಾಯ ಎಂದೇ ಓದುತ್ತಾರೆ. ನಿತ್ಯದ ಬದುಕಿನಲ್ಲಿ ನಾವು ಬಹಳ ಸಲ ತಿರುಗಾಮುರುಗಾ ಮಾಡುತ್ತೇವೆ, ಗೊತ್ತಿಲ್ಲ ಎಂದರೆ ಏನೂ ಆಗಲಿಕ್ಕಿಲ್ಲ ಎಂದು.

ಎರಡನೆಯ ನಿಯಮ ಜೊತೆಗಾರರಿಗೆ ಸಂಬಂಧಿಸಿದ್ದು. ಇಬ್ಬರ ಕಂಪ್ಯೂಟರುಗಳು ಬೇರೆಬೇರೆ ಸಮಯ ತೋರಿಸಿದರೆ ಕಡಿಮೆ ತೋರಿಸಿದ್ದನ್ನೇ ಇಬ್ಬರೂ ಪಾಲಿಸಬೇಕು. ಯಾವುದು ಸರಿ ಎಂದು ನೀರಿನಡಿಯಲ್ಲಿ ವಾದ ಮಾಡುವಂತಿಲ್ಲ, ಸರಾಸರಿ ತೆಗೆಯುವಂತಿಲ್ಲ. ಹೆಚ್ಚು ಸಮಯ ಇದ್ದವನು ತನ್ನ ಹತ್ತು ನಿಮಿಷ ಬಿಟ್ಟು ಮೇಲೆ ಬರುತ್ತಾನೆ. ಅವತ್ತು ನೇತ್ರಾಣಿಯಲ್ಲಿ ನನ್ನ ಜೊತೆಗಾರ ಮಾಡಿದ್ದೂ ಅದನ್ನೇ. ನನ್ನ ಕೈಯಲ್ಲಿದ್ದ ಲೆಕ್ಕ ನನ್ನದಲ್ಲ, ಬೆಳಗಿನವರದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಹೆಬ್ಬೆರಳು ಮೇಲೆ ತೋರಿಸಿದ, ಇಬ್ಬರೂ ಐದು ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಂತೆವು.