ಒಂದು ಸಹಿಯ ವಿಚಾರ

ಸಂಪಾದಕರು “ಡಾಕ್ಟ್ರೇ, ಈ ಸಲ ಕೊಲೆಸ್ಟರಾಲ್ ಬಿಟ್ಟು ಬೇರೇನಾದರೂ ಬರೆಯಿರಿ” ಎಂದು ಅಪ್ಪಣೆ ಕೊಡಿಸಿದ್ದಾರೆ. ಹಾಗಾಗಿ ನಮ್ಮ ಮನೆಯ ಗೋಡೆಯ ಮೇಲಿರುವ ಒಂದು ಚಿತ್ರದ ಸಂಗತಿ.

ಊರಿನ ಶಾಲೆಯೊಂದರ ಸೂರಿನ ದುರಸ್ತಿಗೆಂದು ನಮ್ಮ ಕೂಟ ಯುಗಾದಿಯಂದು ಹರಾಜು ಇಟ್ಟುಕೊಂಡಿತ್ತಷ್ಟೆ. ಅಜ್ಜಿಯ ಮನೆಯಿಂದ ಬಂದ ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕವನ್ನು ಅದಕ್ಕೆ ಕೊಡಲು ಒಪ್ಪಿದ್ದೆ. ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಅಂಟಿಸಿದ ಚಿತ್ರ. ಹರಾಜಿನ ಉಸ್ತುವಾರಿ ಹೊತ್ತ ಮಿತ್ರರು ಕಾಫಿ ಕುಡಿಯುತ್ತಾ ಅಂದರು: “150 ವರ್ಷದ್ದು, ಅರಮನೆ ಚಿತ್ರಗಾರರ ಕೈಯದು ಎಂದು ಒಂದು ಸರ್ಟಿಫಿಕೇಟು ಬರೆದುಕೊಡಿ ಸಾರ್. ಡಚ್ಚರಿಗೆ ಕಾಗದ ಬೇಕು. ಡಾಕ್ಟರ ಸಹಿ ಇದ್ದರೆ ಯಾರು ಅನುಮಾನ ಪಡುತ್ತಾರೆ?”

ಅಜ್ಜಿ ಹಾಗೆ ಹೇಳುತ್ತಿದ್ದುದು ನಿಜ. ಪೆನ್ನು ತೆಗೆದೆ. ಕೈ ಓಡಲಿಲ್ಲ.

ನಾವಿರುವ ಊರೂ ಅಂಥದ್ದು. ವರ್ಮೀರ್ 1632ರಲ್ಲಿ ಹುಟ್ಟಿ 1675ರಲ್ಲಿ ತೀರಿಕೊಂಡದ್ದು ಡೆಲ್ಫ್ಟ್‌ನಲ್ಲೇ. ಆದರೆ ಅವನ ಒಂದೇ ಒಂದು ಮೂಲ ಚಿತ್ರವೂ ಇಂದು ಇಲ್ಲಿಲ್ಲ. ಬಂದ ನೆಂಟರಿಗೆ ನಾವು ತೋರಿಸುವುದೆಲ್ಲ ಪ್ರತಿಗಳನ್ನೇ. ಅವನ ಹೆಸರಿನಲ್ಲಿ ಚಿತ್ರ ಬರೆದು ಜಗತ್ತನ್ನು ನಂಬಿಸಿದ ಹಾನ್ ಫಾನ್ ಮೇಗೆರೆನ್ ವಾಸ್ತುಶಿಲ್ಪ ಓದಿದ್ದೂ ಈ ಊರಲ್ಲೇ. 17ನೆಯ ಶತಮಾನದ ಹಳೆಯ ಕ್ಯಾನ್ವಾಸು ಹುಡುಕಿ, ಬಣ್ಣಕ್ಕೆ ಬೇಕಲೈಟ್ ರಾಳ ಸೇರಿಸಿ, ಓವನ್ನಿನಲ್ಲಿ ಕಾಯಿಸಿದ. ಹಳೆಯ ತೈಲವರ್ಣ ಮದ್ಯಸಾರಕ್ಕೆ ಕರಗುವುದಿಲ್ಲ, ಇವನದೂ ಕರಗಲಿಲ್ಲ. 1937ರಲ್ಲಿ ಅವನ ‘ಎಮ್ಮಾವುಸ್‌ನ ಊಟ’ದ ಚಿತ್ರವನ್ನು ಅಬ್ರಹಾಂ ಬ್ರೇಡಿಯಸ್ ಎಂಬ ಪಂಡಿತರು ನೋಡಿ, ಇದು ವರ್ಮೀರನದೇ ಎಂದು ಬರೆದುಕೊಟ್ಟರು. ಮೌರಿಟ್ಸ್‌ಹೌಸ್ ಸಂಗ್ರಹಾಲಯದ ನಿರ್ದೇಶಕರಾಗಿದ್ದವರು, ಆಗ 82 ವರ್ಷ. ರಾಟರ್‌ಡ್ಯಾಮಿನ ಬಾಯ್ಮನ್ಸ್ ಸಂಗ್ರಹಾಲಯಕ್ಕಾಗಿ ಐದು ಲಕ್ಷಕ್ಕೂ ಹೆಚ್ಚು ಗಿಲ್ಡರು ಕೊಟ್ಟು ಅದನ್ನು ಕೊಂಡರು.

ಗುಟ್ಟು ಹೊರಬಿದ್ದದ್ದು 1945ರಲ್ಲಿ. ನಾಜಿ ಗೋರಿಂಗ್‌ನ ಕೈಗೆ ಒಂದು ವರ್ಮೀರ್ ಮಾರಿದನೆಂದು ಹಿಡಿದಾಗ, “ಅದನ್ನು ಬರೆದವನು ನಾನೇ” ಎಂದ. ಕಾವಲಿನಲ್ಲಿ ಕೂತು ಅದೇ ಬಗೆಯ ಇನ್ನೊಂದು ಚಿತ್ರ ಬರೆದು ತೋರಿಸಬೇಕಾಯಿತು. ತಾನು ಸುಳ್ಳುಗಾರನೆಂದು ಸಾಬೀತು ಮಾಡಲು ಇಷ್ಟು ಪಾಡು! 1947ರ ನವೆಂಬರಿನಲ್ಲಿ ಒಂದು ವರ್ಷದ ಶಿಕ್ಷೆಯಾಯಿತು, ಡಿಸೆಂಬರಿನಲ್ಲಿ ಸತ್ತ.

ನನ್ನನ್ನು ಕಾಡುವವನು ಅವನಲ್ಲ, ಬ್ರೇಡಿಯಸ್. ಅವರು ಸುಳ್ಳು ಬರೆಯಲಿಲ್ಲ, ನಂಬಿದ್ದನ್ನು ಬರೆದರು. ವರ್ಮೀರ್ ಬೈಬಲ್ಲಿನ ಚಿತ್ರಗಳನ್ನು ಇನ್ನೂ ಬರೆದಿರಬೇಕೆಂಬ ಊಹೆ ಆಗ ಇತ್ತು. ಬಯಸಿದ್ದು ಎದುರಿಗೆ ಬಂದಾಗ ಕಣ್ಣು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ರೆಸಿಡೆನ್ಸಿ ದಿನಗಳಲ್ಲಿ ನಾನೂ ಎಕ್ಸ್-ರೇಯಲ್ಲಿ ನ್ಯುಮೋನಿಯಾ ಹುಡುಕಿ, ಅದು ಸಿಕ್ಕ ಖುಷಿಯಲ್ಲಿ ಪಕ್ಕದಲ್ಲೇ ಮುರಿದಿದ್ದ ಪಕ್ಕೆಲುಬನ್ನು ನೋಡದೆ ಹೋದವನು. ಸಹಿ ಮಾತ್ರ ಠೀಕಾಗಿತ್ತು.

ಅಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದ್ದೆಂದೇ ಬರೆದರೆ ತಪ್ಪಿಲ್ಲ. ಆದರೆ ಕೆಳಗೆ ಎಂ.ಬಿ.ಬಿ.ಎಸ್. ಎಂದು ಬಿದ್ದೊಡನೆ ಅದು ಡಾಕ್ಟರು ಪರೀಕ್ಷಿಸಿ ಕಂಡದ್ದಾಗಿಬಿಡುತ್ತದೆ. ಮೈಸೂರು ಚಿತ್ರದ ವಯಸ್ಸು ನಾಡಿ ಹಿಡಿದು ಹೇಳುವುದು ನನಗೆ ಗೊತ್ತಿಲ್ಲ. ಒಳ್ಳೆಯ ಕೆಲಸಕ್ಕಲ್ಲವೇ ಎಂದರು ಮಿತ್ರರು. ಶಾಲೆಗೆ ಸೂರು ಬಂದೀತು, ನಿಜ. ಕೊಂಡವರ ಗೋಡೆಯ ಮೇಲೆ ನನ್ನ ಕಾಗದ ಇನ್ನೂ ಎಷ್ಟೋ ವರ್ಷ ಮಾತಾಡುತ್ತಿರುತ್ತದೆಯಲ್ಲ?

ಇನ್ನೊಂದು ತೊಡಕನ್ನು ನೆನಪಿಸಿದವಳು ನನ್ನ ಮನೆಯಾಕೆ. 1999ರಲ್ಲಿ ಇದನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದಾಗ, “ಯಾರಾದರೂ ಕೇಳಿದರೆ ಮೊನ್ನೆ ಬರೆಸಿದ್ದು ಅನ್ನು” ಎಂದು ಅಮ್ಮ ಹೇಳಿಕೊಟ್ಟಿದ್ದರು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರವನ್ನು ನಮ್ಮಂಥವರು ಭಾರತದಿಂದ ಹೊರಗೆ ತರುವಂತಿಲ್ಲ. ಅಂದರೆ ಅದೇ ರಾಮ ಬೆಂಗಳೂರಿನಲ್ಲಿ ಹೊಸಬ, ಡೆಲ್ಫ್ಟ್‌ನಲ್ಲಿ ಹಳಬ. ಅಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೆಂದು ನನಗೆ ಚೆನ್ನಾಗಿ ಗೊತ್ತು.

ಕೊನೆಗೆ ಬರೆದದ್ದು ಇಷ್ಟು: “ನನಗೆ ಬುದ್ಧಿ ಬಂದಾಗಿನಿಂದ ಇದನ್ನು ಅಜ್ಜಿಯ ದೇವರ ಮನೆಯಲ್ಲಿ ನೋಡಿದ್ದೇನೆ. ಬರೆದವರು ಯಾರು, ಯಾವಾಗ ಎಂದು ತಿಳಿಯದು. ನೂರು ವರ್ಷ ದಾಟಿರಲೂಬಹುದು. ಹಾಗಿದ್ದರೆ ನಾನು ತಂದದ್ದು ತಪ್ಪು.” ಮಿತ್ರರು ಓದಿ, “ಇದು ಸರ್ಟಿಫಿಕೇಟಲ್ಲ ಸಾರ್, ಕೇಸ್ ಶೀಟು” ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು.

ಚಿತ್ರ ನಮ್ಮ ಗೋಡೆಯ ಮೇಲೇ ಇದೆ. ಮುಂದೇನೆಂದು ನಾವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ. ಹರಾಜಿಗೆ ಮನೆಯಾಕೆ ಡೆಲ್ಫ್ಟ್ ನೀಲಿಯ ತಟ್ಟೆಯೊಂದನ್ನು ಕೊಟ್ಟಳು. ಅದಕ್ಕೆ ಕಾರ್ಖಾನೆಯದೇ ಸರ್ಟಿಫಿಕೇಟು ಇತ್ತು.