ಮನೆ ನಂಬರ್ ಇಲ್ಲದವರು

ನಾನು ಬರೆದ ಕೋಡ್ ನಮ್ಮವ್ವನ ವಿಳಾಸವನ್ನೇ ಒಪ್ಪಲಿಲ್ಲ. ಆ್ಯಪ್‌ನಲ್ಲಿ ವಿಳಾಸ ತುಂಬುವ ಫಾರಂ ಮಾಡಿದ್ದು ನಾನೇ. ಮನೆ ನಂಬರ್, ರಸ್ತೆ ಹೆಸರು ಎರಡೂ ಕಡ್ಡಾಯ. ಅವ್ವನಿಗೊಂದು ಮಿಕ್ಸಿ ಕಳಿಸೋಣ ಅಂತ ಕೂತರೆ ನಮ್ಮೂರಲ್ಲಿ ಎರಡೂ ಇಲ್ಲ! ಅಪ್ಪನ ಹೆಸರು, 'ಬಸವಣ್ಣನ ಗುಡಿ ಹಿಂದೆ', ಊರು, ಪಿನ್‌ಕೋಡ್: ಇಷ್ಟೇ ನಮ್ಮ ವಿಳಾಸ. ಕೊನೆಗೆ ಮನೆ ನಂಬರ್ ಜಾಗದಲ್ಲಿ ಸೊನ್ನೆ ಹಾಕಿದೆ. ಮಿಕ್ಸಿ ತಲುಪಿತು. ಆದರೆ ಆ ಸೊನ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು.

ರಸ್ತೆಗೆ ಹೆಸರಿರಲೇಬೇಕು ಅಂತ ಯಾರು ಹೇಳಿದ್ದು? ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ಬೀದಿಗಳ ನಡುವಿನ ಬ್ಲಾಕ್‌ಗೆ ನಂಬರ್ ಇರುತ್ತದೆ. ಕೋಸ್ಟರಿಕಾದಲ್ಲಿ ನಮ್ಮೂರಿನ ಹಾಗೇ 'ಚರ್ಚಿನಿಂದ 200 ಮೀಟರ್ ದಕ್ಷಿಣಕ್ಕೆ' ಅಂತಾರೆ. ಅಲ್ಲಿನ ಸ್ಯಾನ್ ಪೆಡ್ರೋದಲ್ಲಿ ಈಗ ಇಲ್ಲವೇ ಇಲ್ಲದ ಒಂದು ಹಳೇ ಮರ ಇವತ್ತಿಗೂ ಗುರುತು. ಐರ್ಲೆಂಡಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಂದೇ ವಿಳಾಸವಿತ್ತು. 2015ರಲ್ಲಿ ಏರ್‌ಕೋಡ್ ಬಂದ ಮೇಲೆ ಪ್ರತಿ ವಿಳಾಸಕ್ಕೂ ಅದರದ್ದೇ ಆದ ಕೋಡ್ ಸಿಕ್ಕಿತು.

'ನಂಬರಿಗಿಂತ ಗುರುತೇ ಮೇಲು ಕಣೋ' ಅಂದೆ, ಊರಿನ ಗೆಳೆಯನಿಗೆ. ಅವನು ನಕ್ಕ.

'ಗುರುತು ನಿಂಗೆ ಚಂದ. ನಮ್ಮ ಕೇರಿ ಹೆಸರು ಓದಿದ್ರೆ ಸಾಕು, ಜಾತಿ ಗೊತ್ತಾಗ್ತಿತ್ತು. ಕಾಗದ ಕೇರಿಯೊಳಗೆ ಬರ್ತಾನೇ ಇರ್ಲಿಲ್ಲ, ಅಂಗಡೀಲಿ ಬಿದ್ದಿರ್ತಿತ್ತು. ಒಂದು ಇಂಟರ್‌ವ್ಯೂ ಕಾಗದ ತಾರೀಖು ಮುಗಿದು ವಾರ ಆದ್ಮೇಲೆ ಕೈಗೆ ಬಂತು. ಪಿನ್‌ಕೋಡ್‌ಗೆ ಜಾತಿ ಇಲ್ಲ ನೋಡು.'

ನನಗೆ ಮಾತೇ ಹೊರಡಲಿಲ್ಲ. ಒಂದೇ ಊರಲ್ಲಿ ಬೆಳೆದರೂ ಇದು ನನಗೆ ಗೊತ್ತಿರಲಿಲ್ಲ.

ಆದರೆ ಆ ಕಾಗದದ ಮೇಲೂ ಪಿನ್‌ಕೋಡ್ ಇತ್ತಲ್ವಾ? ಶ್ರೀರಾಮ ಭಿಕಾಜಿ ವೇಲಂಕರ್ ರೂಪಿಸಿದ ಈ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ನಮ್ಮದು 5. ಮೊದಲ ಮೂರು ಸೇರಿದರೆ ಪತ್ರ ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿ. ಅಲ್ಲಿಗೆ ನಂಬರಿನ ಕೆಲಸ ಮುಗಿಯಿತು. ಅಲ್ಲಿಂದ ಬಾಗಿಲವರೆಗೆ ನಡೆಯಬೇಕಾದದ್ದು ಮನುಷ್ಯ. ಇಡೀ ದೇಶ ದಾಟಿ ಬಂದ ಕಾಗದ ಕೊನೆಯ ನೂರು ಹೆಜ್ಜೆಯಲ್ಲಿ ನಿಂತುಬಿಟ್ಟಿತು.

ಹಾಗಂತ ಪ್ರತಿ ಬಾಗಿಲಿಗೂ ನಂಬರ್ ಬರೆದರೆ ನ್ಯಾಯ ಸಿಕ್ಕಿಬಿಡುತ್ತಾ? 1770ರಲ್ಲಿ ಆಸ್ಟ್ರಿಯಾದ ರಾಣಿ ಮಾರಿಯಾ ಥೆರೇಸಾ ಮನೆಗಳಿಗೆ ನಂಬರ್ ಹಾಕಿಸಲು ಹೊರಟದ್ದು ಕಾಗದ ತಲುಪಿಸೋಕಲ್ಲ, ಸೈನ್ಯಕ್ಕೆ ಗಂಡಸರನ್ನ ಹುಡುಕೋಕೆ. ನಂಬರಿಗೆ ಜಾತಿ ಇಲ್ಲದಿರಬಹುದು, ಹಾಕಿಸುವವರಿಗೆ ಉದ್ದೇಶ ಇದ್ದೇ ಇರುತ್ತದೆ.

ಹಾಗಾಗಿ ನನಗೀಗ ಕಾಣುವ ಪ್ರಶ್ನೆ ನಂಬರೋ ಗುರುತೋ ಅನ್ನೋದಲ್ಲ. ಹುಡುಕುವವನು ಎಷ್ಟು ಕೇಳಬಹುದು, ಎಷ್ಟು ನಡೆಯಬೇಕು ಅನ್ನೋದು. ತಲುಪಲು ಬೇಕಾದಷ್ಟನ್ನು ಮಾತ್ರ ಕೇಳಬೇಕು, ಉಳಿದ ಕಷ್ಟ ಅವನೇ ಪಡಬೇಕು. ನಾನು ಮಾಡಿದ್ದು ಉಲ್ಟಾ. ನನ್ನ ಕೋಡ್‌ಗೆ ಸುಲಭವಾಗಲಿ ಅಂತ ಅವ್ವನಿಗೆ ಇಲ್ಲದ್ದನ್ನ ಕೇಳಿದ್ದೆ.

ಮರುವಾರ ಎರಡೂ ಕಡ್ಡಾಯಗಳನ್ನು ತೆಗೆದು, 'ಮನೆ ಹುಡುಕುವುದು ಹೇಗೆ?' ಅಂತ ಒಂದು ಖಾಲಿ ಜಾಗ ಇಟ್ಟೆ. ಅದನ್ನೂ ಕಡ್ಡಾಯ ಮಾಡಲಿಲ್ಲ. ಗೆಳೆಯ ಅದರಲ್ಲಿ ಕೇರಿ ಹೆಸರು ಬರೆಯಲಿಲ್ಲ. 'ಶಾಲೆ ಎದುರು, ಹಸಿರು ಬಾಗಿಲು' ಅಂತ ಬರೆದ.